ಹದಿನೇಳನೆಯ ಪಾರ್ಸೆಲ್ಲಿನ ಪೆಪೆನೆ

"ಪೆಪೆನೆ ಭಾಳ ಚಲೋ ಅದಾವ್ರಿ ಅಕ್ಕಾರ," ಅಂದ ತ್ರೊಫಿಮ್, ಬಾಯಿ ತುಂಬ ಅಗಿಯುತ್ತ.

ಜಿನೋವಿಯಾಳ ಕೈಯಲ್ಲಿದ್ದ ಚಹಾದ ಲೋಟ ಅರ್ಧ ದಾರಿಯಲ್ಲೇ ನಿಂತಿತು.

"ಏನಂದೆ?"

"ಚಲೋ ಅದಾವ ಅಂದ್ನಿರಿ. ತಪ್ಪಾತೇನ್ರಿ?"

ಅವನ ತಟ್ಟೆಯಲ್ಲಿದ್ದದ್ದು ಮೆಕ್ಕೆಜೋಳದ ಮುದ್ದೆ, ಬೇಯಿಸಿದ ಕಾಳು, ನಾಲ್ಕು ಹೋಳು ಸೌತೆಕಾಯಿ. ಉಪವಾಸದ ವಾರವಾದ್ದರಿಂದ ಠಾಣೆಯ ಅಡುಗೆಮನೆಯಲ್ಲಿ ಬಂದಿಗಳಿಗೂ ಅಧಿಕಾರಿಗಳಿಗೂ ಒಂದೇ ಊಟ.

"ಯಾವುದು ಚೆನ್ನಾಗಿದೆ? ಬೆರಳಿಟ್ಟು ತೋರಿಸು."

ಹೊಸ ಕೇಸೇನಾದರೂ ಬಿತ್ತೇನೋ ಎಂದು ಹೆದರುತ್ತ ತ್ರೊಫಿಮ್ ಒಂದು ಹೋಳು ಸೌತೆಕಾಯಿಯನ್ನು ಎತ್ತಿ ಹಿಡಿದ.

ಜಿನೋವಿಯಾ ನನ್ನ ಕಡೆ ತಿರುಗಿದಳು. ನಾನು ಮೂಲೆಯಲ್ಲಿ ದೊಡ್ಡ ಗಾಜಿನ ಜಾಡಿಯಿಂದ ಬುಜೋರನ ಬಟ್ಟಲಿಗೆ ನೀರು ಬಗ್ಗಿಸುತ್ತಿದ್ದೆ. ಬುಜೋರ್ ಅಂದರೆ ನನ್ನ ನಾಯಿ. ಹೊಗೆಸೊಪ್ಪಿನ ವಾಸನೆ ಬಂದರೆ ಸಾಕು, ಇದ್ದಲ್ಲೇ ಕುಳಿತುಬಿಡುತ್ತಾನೆ. ನಾನು ಹರಲಾಂಬಿಯೆ. ಮೊಲ್ದೋವಾದ ಗಡಿಯಾದ ಪ್ರುತ್ ನದಿಯ ಈಚೆ ದಂಡೆಯಲ್ಲಿ, ಈ ಸೇತುವೆಯ ಸುಂಕದ ಠಾಣೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಅದರಲ್ಲಿ ಹನ್ನೆರಡು ವರ್ಷ ನಾಯಿಗಳ ಸಹವಾಸ, ಅವೇ ಒಳ್ಳೆಯ ವರ್ಷಗಳು.

"ಹರಲಾಂಬಣ್ಣ, ಸೌತೆಕಾಯಿಗೆ ಪೆಪೆನೆ ಅಂತಾರಾ?"

"ನಮ್ಮಜ್ಜಿ ಅನ್ನೋಳು. ನದಿಯ ಆಚೆ ದಂಡೆಯಲ್ಲಿ ಈಗಲೂ ಅಂತಾರೆ, ನಮ್ಮ ಕಡೆ ಹಳ್ಳಿಗಳಲ್ಲಿ ಹಳಬರೂ ಅಂತಾರೆ."

"ಮತ್ತೆ ಕಲ್ಲಂಗಡಿಗೆ?"

"ಹರ್ಬುಜ್."

"ಎರಡು ದಿನದಿಂದ ನಾನು ಇದೇ ಪದ ಹಿಡ್ಕೊಂಡು ತಲೆ ಕೆಡಿಸ್ಕೊಂಡಿದೀನಿ. ಒಂದು ಮಾತು ಹೇಳೋದಲ್ವಾ?"

"ನೀವು ಕೇಳಲಿಲ್ವಲ್ಲ ತಾಯಿ. ಆ ಹುಡುಗನ ಪುಸ್ತಕ ನನಗೆ ಯಾರು ತೋರಿಸಿದ್ರು? ನಾನು ನಾಯಿಯವನು, ನಿಘಂಟಿನವನಲ್ಲ."

ಅವಳಿಗೆ ನಗು ಬಂತು. ಎರಡು ದಿನದಲ್ಲಿ ಅದೇ ಮೊದಲು. ಜಿನೋವಿಯಾ ರಾಜಧಾನಿಯಲ್ಲಿ ಓದಿ ಬೆಳೆದ ಹುಡುಗಿ, ನಮ್ಮಲ್ಲಿಗೆ ತನಿಖಾಧಿಕಾರಿಯಾಗಿ ಬಂದು ಎರಡು ವರ್ಷ. ಬಂದಾಗ ನಾವೆಲ್ಲ ಅವಳನ್ನು ಪುಸ್ತಕದ ಹುಳ ಎಂದು ಆಡಿಕೊಂಡಿದ್ದೆವು. ಆದರೆ ಆ ಹುಳ ಕೊರೆಯಲು ಶುರು ಮಾಡಿದರೆ ಮರದ ಇನ್ನೊಂದು ಬದಿಗೆ ಬರುವವರೆಗೂ ಬಿಡುವುದಿಲ್ಲ.

ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ನಮ್ಮ ಮುಖ್ಯಸ್ಥ ವ್ರಾಬಿಯೆ ಸಾಹೇಬರು ಮುಟ್ಟುಗೋಲಿನ ಕಾಗದಕ್ಕೆ ಸಹಿ ಹಾಕುವವರಿದ್ದರು. ಆಮೇಲೆ ತ್ರೊಫಿಮನ ವ್ಯಾನು ಸರ್ಕಾರದ ಪಾಲು, ಅದರೊಳಗಿನ ಮೂವತ್ತೊಂದು ಈಸ್ಟರ್ ಪಾರ್ಸೆಲ್ಲುಗಳು ಬೆಂಕಿಯ ಪಾಲು.

ಆ ಪಾರ್ಸೆಲ್ಲುಗಳನ್ನು ಕಟ್ಟಿದವರು ಮೊಲ್ದೋವಾದ ಒಂದೇ ಹಳ್ಳಿಯ ಮುದುಕಿಯರು. ಕಾಯುತ್ತಿದ್ದವರು ಇಟಲಿಯ ಪಾದುವಾದಲ್ಲಿ ಪರರ ಮನೆಯ ಮುದುಕರನ್ನು ನೋಡಿಕೊಳ್ಳುವ ಅವರ ಹೆಣ್ಣುಮಕ್ಕಳು. ನಡುವೆ ಹದಿನೈದು ನೂರು ಕಿಲೋಮೀಟರ್, ಮತ್ತು ಈ ತ್ರೊಫಿಮ್.

ಮಂಗಳವಾರ ಬೆಳಿಗ್ಗೆ ಅವನ ಹದಿನೇಳನೆಯ ಪಾರ್ಸೆಲ್ಲಿನಲ್ಲಿ ನೂರೆಂಬತ್ತು ಪ್ಯಾಕು ಸಿಗರೇಟು ಸಿಕ್ಕಿತ್ತು. ತಲೆಗೆ ಎರಡೇ ಪ್ಯಾಕು ಎಂಬುದು ಈ ಗಡಿಯಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ತ್ರೊಫಿಮನಿಗಂತೂ ಮಗ್ಗಿಯಂತೆ ಬಾಯಿಪಾಠ.

"ಸಿಗರೇಟು ಎರಡು ಪ್ಯಾಕು, ಕಡಕ್ ಸೆರೆ ಒಂದು ಲೀಟರ್, ದ್ರಾಕ್ಷಿ ವೈನು ನಾಕು, ಬಿಯರು ಹದಿನಾರು. ಮಾಂಸ ಇಲ್ಲ, ಹಾಲು ಇಲ್ಲ, ಗಿಣ್ಣ ಇಲ್ಲ," ಎಂದು ಮೊದಲ ದಿನವೇ ಒಪ್ಪಿಸಿದ್ದ. "ಹಬ್ಬದ ರೊಟ್ಟ್ಯಾಗ ಗಿಣ್ಣ ತುಂಬಬ್ಯಾಡ್ರಿ ಯವ್ವಾ ಅಂತ ಮನಿಮನಿಗೆ ಹೋಗಿ ಹೇಳಿ ಬರ್ತೀನ್ರಿ ನಾ. ನನ್ನ ಬೈತಾರ, ಆದ್ರ ತುಂಬೂದಿಲ್ಲ. ಅಂಥಾಂವ ನಾ ಸಿಗರೇಟ್ ತಂದೇನೇನ್ರಿ?"

ಇದನ್ನು ಕೇಳಿ ಎಲ್ಲರೂ ನಕ್ಕಿದ್ದರು. ಸಿಕ್ಕಿಬಿದ್ದ ಚಾಲಕರೆಲ್ಲ ಸತ್ಯಸಂಧರೇ. ನಾನೂ ನಕ್ಕಿದ್ದೆ, ಅದಕ್ಕೆ ಈಗ ನಾಚಿಕೆಯಾಗುತ್ತಿದೆ.

ಜಿನೋವಿಯಾ ಮೇಜಿನ ಮೇಲೆ ಎರಡು ವಸ್ತು ಇಟ್ಟಳು. ಒಂದು, ತ್ರೊಫಿಮನ ಎಣ್ಣೆ ಜಿಡ್ಡಿನ ನೋಟುಪುಸ್ತಕ. ಅದರ ಹದಿನೇಳನೆಯ ಸಾಲಿನಲ್ಲಿ ಅವನ ಕೋಳಿಕಾಲು ಅಕ್ಷರ: 'ಅಗಾಫಿಯಾ ಅಜ್ಜಿ, ಮಗಳು ಲೆನುತ್ಸಾಗೆ. ಪೆಪೆನೆ.' ಇನ್ನೊಂದು, ಸಿಗರೇಟು ತುಂಬಿದ್ದ ದೊಡ್ಡ ರಟ್ಟಿನ ಡಬ್ಬದಿಂದ ಬಿಡಿಸಿದ ಚೀಟಿ. ಅದರ ಮೇಲೆ ದುಂಡನೆಯ ದೊಡ್ಡಕ್ಷರ: 'ಅಗಾಫಿಯಾ. ಲೆನುತ್ಸಾಗೆ. ಹಸಿರು ಪೆಪೆನೆ, ಎಂಟು ಕಿಲೋ.'

"ಶಾಲೆಯ ಪುಸ್ತಕದ ಭಾಷೆಯಲ್ಲಿ ಹಸಿರು ಪೆಪೆನೆ ಅಂದರೆ ಕಲ್ಲಂಗಡಿ," ಅಂದಳು ಜಿನೋವಿಯಾ. "ನಾನು ಹಾಗೇ ಓದ್ಕೊಂಡೆ. ಈ ಚೀಟಿ ಬರೆದವನೂ ಹಾಗೇ ಓದ್ಕೊಂಡ. ಪುಸ್ತಕದಲ್ಲಿ ಪೆಪೆನೆ ಅಂತ ನೋಡಿದ, ಕಲ್ಲಂಗಡಿ ಅಂದ್ಕೊಂಡ, ಅದಕ್ಕೆ ತಕ್ಕ ಡಬ್ಬ ಹುಡುಕಿದ, ನಿಜ ಕಾಣಲಿ ಅಂತ ತೂಕವನ್ನೂ ಸೇರಿಸಿದ."

"ಎಪ್ರಿಲದಾಗ ಹರ್ಬುಜ್ ಎಲ್ಲಿ ಬೆಳೀತಾವ್ರಿ!" ತ್ರೊಫಿಮ್ ಎದ್ದು ನಿಂತುಬಿಟ್ಟ. "ಅಜ್ಜಿ ಕೊಟ್ಟಿದ್ದು ಉಪ್ಪುನೀರಾಗ ಹಾಕಿದ್ದ ಸೌತಿಕಾಯಿರೀ. ಒಂದು ಜಾಡಿ. ನಾನೇ ಕೈಯಾರೆ ಇಟ್ಟೀನಿ!"

"ಕೂತ್ಕೋ ತ್ರೊಫಿಮ್. ಮಂಗಳವಾರ ಈ ಪುಸ್ತಕ ಯಾರ ಕೈಗೆ ಕೊಟ್ಟೆ?"

"ಮೊದಲ್ನೇ ಕಿಟಕ್ಯಾಗ್ರಿ. ಗಾಡಿ ಶೆಡ್ಡಿನ ಹಿಂದ ಹಚ್ಚು, ಕೀಲಿ ಅಲ್ಲೇ ಬಿಡು, ಮುದ್ರೀಗೆ ಪಾಳಿ ನಿಲ್ಲು ಅಂದ್ರು. ನಲವತ್ತು ನಿಮಿಷ ನಿಂತೇನ್ರಿ. ಬರೂದ್ರಾಗ ನೀವೆಲ್ಲಾರೂ ನನ್ನ ಗಾಡಿ ಸುತ್ತ ಇದ್ರಿ."

ಇದ್ದೆವು. ಹನ್ನೊಂದು ಜನ ಅಧಿಕಾರಿಗಳು ಮತ್ತು ಒಂದು ನಾಯಿ. ಆ ಹೊತ್ತಿನಲ್ಲೇ ನಾಲ್ಕನೇ ಗೇಟಿನಲ್ಲಿ ಮೂರು ಭಾರಿ ಲಾರಿಗಳು ತಪಾಸಣೆಯಿಲ್ಲದೆ ದಾಟಿಹೋದವು. ನಮ್ಮನ್ನೆಲ್ಲ ಈ ವ್ಯಾನಿನತ್ತ ಸೆಳೆದದ್ದೇ ಅದಕ್ಕೆ ಎಂದು ಈಗ ಹೊಳೆಯುತ್ತಿದೆ. ಬುಜೋರ್ ಹಗ್ಗ ಜಗ್ಗಿ ಜಗ್ಗಿ ಆ ಕಡೆಗೇ ಎಳೆಯುತ್ತಿದ್ದ. ನಾನು ಗದರಿಸಿ ಈ ಕಡೆಗೆ ಎಳೆದೆ. ಇಷ್ಟು ವರ್ಷದಲ್ಲಿ ನಾಯಿಯ ಮಾತು ಕೇಳದೆ ಕೆಟ್ಟದ್ದು ಅದೊಂದೇ ಸಲ.

"ಮೊದಲ ಕಿಟಕಿಯಲ್ಲಿ ಇದ್ದದ್ದು ದಿನುಲೆಸ್ಕು," ಅಂದೆ ನಾನು.

ಜಿನೋವಿಯಾ ತಲೆಯಾಡಿಸಿದಳು. "ಕರೀರಿ ಅವನನ್ನ. ಏನೂ ಹೇಳಬೇಡಿ. ಊಟಕ್ಕೆ ಅನ್ನಿ."

ದಿನುಲೆಸ್ಕುವಿನದು ದಕ್ಷಿಣದ ದಾನ್ಯೂಬ್ ಬಯಲು. ಅವನ ಅಪ್ಪ ಕಲ್ಲಂಗಡಿ ಬೆಳೆಯುವವನು, ಅವನ ಅಜ್ಜನೂ ಅದೇ. ಪ್ರತಿ ಆಗಸ್ಟಿನಲ್ಲಿ ಊರಿನಿಂದ ಕಾರಿನ ತುಂಬ ತಂದು ಠಾಣೆಗೆಲ್ಲ ಹಂಚುತ್ತಿದ್ದ. ಬೆರಳಿನಿಂದ ತಟ್ಟಿ ಹಣ್ಣಾಗಿದೆಯೋ ಇಲ್ಲವೋ ಹೇಳುವುದನ್ನು ನನಗೆ ಕಲಿಸಿದವನೂ ಅವನೇ. ಅವನನ್ನು ಕರೆಯಲು ಹೋಗುವುದೂ ನನ್ನ ಪಾಲಿಗೇ ಬಂತು.

ಬಂದವನು ಕೈ ಉಜ್ಜಿಕೊಳ್ಳುತ್ತ ಕುಳಿತ. "ಏನಿದೆ ಇವತ್ತು ಊಟಕ್ಕೆ? ಮತ್ತೆ ಕಾಳಾ? ಹಬ್ಬ ಬರೋಷ್ಟರಲ್ಲಿ ನಾವೇ ಮೊಳಕೆ ಬರ್ತೀವಿ ನೋಡಿ."

"ಊಟಕ್ಕೆ ಮುಂಚೆ ಒಂದು ಸಣ್ಣ ಸಹಾಯ," ಅಂದಳು ಜಿನೋವಿಯಾ. "ಇವನ ಕೈಬರಹ ನನಗೆ ತಿಳೀತಿಲ್ಲ. ಈ ಸಾಲು ಓದಿ ಹೇಳಿ."

ಅವನು ಪುಸ್ತಕ ಹತ್ತಿರ ಹಿಡಿದ. "ಅಗಾಫಿಯಾ ಅಜ್ಜಿ... ಮಗಳು ಲೆನುತ್ಸಾಗೆ... ಪೆಪೆನೆ."

"ಅಂದರೆ?"

"ಅಂದರೇನು ಮೇಡಂ, ಕಲ್ಲಂಗಡಿ. ನನ್ನ ಕೇಳ್ತೀರಾ? ನಾನು ಅದರ ಮೇಲೇ ಮಲಗಿ ಬೆಳೆದವನು!"

ತ್ರೊಫಿಮ್ ಮೆಲ್ಲಗೆ ತಟ್ಟೆಯನ್ನು ಅವನ ಮುಂದೆ ತಳ್ಳಿದ. "ಸಾಹೇಬ್ರ, ಇದರಾಗಿನ ಪೆಪೆನೆ ಒಂದು ತಿಂದು ನೋಡ್ರಿ."

ದಿನುಲೆಸ್ಕು ತಟ್ಟೆ ನೋಡಿದ. ಮುದ್ದೆ ನೋಡಿದ. ಸೌತೆಕಾಯಿ ಹೋಳು ನೋಡಿದ. ಅವನ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಕಲ್ಲಂಗಡಿಗೆ ಬೆರಳು ಮುಚ್ಚಿಕೊಂಡ. ಬಲಗೈಯ ಬೆರಳುಗಳಲ್ಲಿ ಚೀಟಿ ಬರೆದ ಪೆನ್ನಿನ ನೀಲಿ ಇನ್ನೂ ಇದೆಯೇನೋ ಎಂಬಂತೆ ಮೇಜಿನ ಕೆಳಗೆ ಎಳೆದುಕೊಂಡ.

"ಇವರ ಊರಲ್ಲಿ ಪೆಪೆನೆ ಅಂದರೆ ಸೌತೆಕಾಯಿ," ಅಂದಳು ಜಿನೋವಿಯಾ, ದನಿ ಏರಿಸದೆ. "ಈ ಚೀಟಿ ಆಚೆ ದಂಡೆಯವರು ಬರೆದದ್ದಲ್ಲ. ಇಲ್ಲಿ ಬರೆದದ್ದು. ಈ ಪುಸ್ತಕ ನೋಡಿ ಬರೆದದ್ದು. ನಲವತ್ತು ನಿಮಿಷ ಪುಸ್ತಕ ಯಾರ ಹತ್ತಿರ ಇತ್ತು ಅಂತ ನಾನು ಹೇಳಲಾ, ನೀವು ಹೇಳ್ತೀರಾ?"

ಜಿನೋವಿಯಾ ಫೋನು ತೆಗೆದು ತ್ರೊಫಿಮನಿಂದ ನಂಬರು ಕೇಳಿ ಒತ್ತಿದಳು. ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಕೋಳಿಗಳ ಗದ್ದಲದ ನಡುವೆ ಒಂದು ಮುದಿ ದನಿ ಬಂತು.

"ಯಾರವಾ ಅದು? ಲೆನುತ್ಸಾ?"

"ಅಲ್ಲ ಅಜ್ಜಿ. ಸುಂಕದ ಠಾಣೆಯಿಂದ. ನೀವು ಮಗಳಿಗೆ ಏನು ಕಳಿಸಿದ್ರಿ?"

"ಪೆಪೆನೆ ಯವ್ವಾ. ಮೂರು ಲೀಟರಿನ ಜಾಡಿ. ಸಬ್ಬಸಗಿ, ಬೆಳ್ಳುಳ್ಳಿ ಹಾಕೀನಿ. ನಾಕು ವರ್ಷಾತು ಆಕಿ ಮನಿಗೆ ಬಂದಿಲ್ಲ. ಏನು ಕಳಸ್ಲೇ ಅಂದ್ರ, ಏನೂ ಬ್ಯಾಡ ಅವ್ವಾ, ನಿನ್ನ ಕೈಯಾನ ಪೆಪೆನೆ ತಿನ್ಬೇಕು ಅಂದ್ಲು. ಯಾಕವಾ, ಜಾಡಿ ಒಡೀತೇನು?"

"ಜಾಡಿಗೆ ಏನಾದರೂ ಗುರುತು ಇತ್ತಾ?"

"ಮುಚ್ಚಳದ ಮ್ಯಾಲ ನನ್ನ ಹಳೇ ಏಪ್ರನ್ನಿನ ಅರಿವಿ ಕಟ್ಟೀನಿ. ನೀಲಿದು, ಬಿಳೀ ಹೂವಿಂದು. ಆಕಿ ಸಣ್ಣಾಕಿದ್ದಾಗ ಅದರ ಸೆರಗು ಹಿಡಕೊಂಡ ಅಡ್ಡಾಡತಿದ್ಲು. ನೋಡಿದ ಕೂಡಲೇ ಗುರುತು ಹಿಡೀತಾಳ." ಅಜ್ಜಿ ಹುಶ್ ಎಂದು ಕೋಳಿಗಳನ್ನು ಓಡಿಸಿದಳು. "ತ್ರೊಫಿಮನ್ನ ಹಿಡದಾರಂತ ಊರಾಗ ಅಂತಾರ. ಪೆಪೆನೆ ಹೋದ್ರ ಹೋಗ್ಲಿ ತಂಗಿ. ಆ ಹುಡುಗ್ನ ಬಿಡ್ರಿ. ಅಂವ ಒಂದು ತತ್ತಿ ಕಳೆದವನಲ್ಲ."

ತತ್ತಿ ಅಂದರೆ ಅವರ ಬಾಯಲ್ಲಿ ಮೊಟ್ಟೆ. ತ್ರೊಫಿಮ್ ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡ.

ದಿನುಲೆಸ್ಕು ಬಾಯಿಬಿಟ್ಟ. "ಚೀಟಿ ಬರೆದದ್ದು ನಾನೇ. ಆದರೆ ದೇವರಾಣೆ, ಅವನ ಗಾಡಿ ಮುಟ್ಟಲಿಲ್ಲ. ಬರೆದು ಕೊಟ್ಟೆ, ಅಷ್ಟೇ."

"ನಿಜ," ಅಂದಳು ಜಿನೋವಿಯಾ.

ಅವನಿಗಿಂತ ಹೆಚ್ಚು ಬೆಚ್ಚಿದ್ದು ನಾನು. "ನಿಜ ಅಂತ ನಿಮಗೆ ಹೇಗೆ ಗೊತ್ತು?"

"ಗಾಡಿ ಹತ್ತಿ ಅಜ್ಜಿಯ ಪಾರ್ಸೆಲ್ ತೆಗೆದಿದ್ದರೆ, ಒಳಗೆ ಸೌತೆಕಾಯಿ ಇರೋದು ಕಾಣ್ತಿತ್ತಲ್ಲ ಅಣ್ಣ. ಆಮೇಲೆ ಕಲ್ಲಂಗಡಿ ಅಂತ ಬರೀತಿದ್ದನಾ? ಬರೆದವನು ಬೇರೆ. ಜಾಡಿ ತೆಗೆದು ಡಬ್ಬ ಇಟ್ಟವನು ಬೇರೆ." ಅವಳು ಮುಂದಕ್ಕೆ ಬಾಗಿದಳು. "ಯಾರಿಗೆ ಬರೆದು ಕೊಟ್ಟಿರಿ? ಆ ಜಾಡಿ ಈಗ ಎಲ್ಲಿದೆ?"

ಸಬ್ಬಸಿಗೆ, ಬೆಳ್ಳುಳ್ಳಿ. ನನ್ನ ನಾಲಿಗೆಗೆ ಏನೋ ನೆನಪಾಯಿತು. ಮಂಗಳವಾರದ ಮಧ್ಯಾಹ್ನ. ತಪಾಸಣೆ ಮುಗಿಸಿ ಊಟಕ್ಕೆ ಬಂದಾಗ ಮೇಜಿನ ಮೇಲೆ ಒಂದು ಜಾಡಿ ತೆರೆದಿತ್ತು. ಯಾರ ಅತ್ತೆ ಮನೆಯದೋ ಎಂದುಕೊಂಡು ನಾನು ಒಂದಲ್ಲ, ಐದು ತಿಂದಿದ್ದೆ. ನಾಲ್ಕು ವರ್ಷದಿಂದ ಮನೆ ಕಾಣದ ಒಬ್ಬ ಮಗಳು ಬಾಯಿ ಬಿಟ್ಟು ಕೇಳಿದ ಸೌತೆಕಾಯಿ!

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

ವ್ರಾಬಿಯೆ ಸಾಹೇಬರು ಕಾಗದಗಳ ಸಮೇತ ಬಂದಿದ್ದರು. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇತ್ತು. ಅಜ್ಜಿಯ ಫೋನು ಆಗಲೇ ಕಡಿದಿತ್ತು.

"ಏನು ಸಭೆ?" ಅಂದರು. ಜಿನೋವಿಯಾ ಚೀಟಿಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದಳು. ಜಾಡಿಯ ಸುದ್ದಿಯನ್ನಾಗಲಿ, ಇಬ್ಬರು ಇದ್ದರೆಂಬುದನ್ನಾಗಲಿ ಎತ್ತಲಿಲ್ಲ. ದಿನುಲೆಸ್ಕು ತಲೆ ತಗ್ಗಿಸಿ ಕುಳಿತಿದ್ದ. ಸಾಹೇಬರು ಅವನನ್ನು ಬಹಳ ಹೊತ್ತು ದಿಟ್ಟಿಸಿದರು.

"ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯೋರು ಯಾರು?" ಎಂದು ನಿಟ್ಟುಸಿರು ಬಿಟ್ಟರು. "ಛೆ, ಛೆ. ಇಷ್ಟು ವರ್ಷ ಜೊತೇಲಿ ಊಟ ಮಾಡಿದವನು. ಸರಿ, ಇವನ ಮೇಲೆ ವರದಿ ಬರೆಯಮ್ಮ. ಒಬ್ಬನೇ ಮಾಡಿದ್ದು ಅಂತ ಸ್ಪಷ್ಟವಾಗಿರಲಿ. ಆ ಹುಡುಗನನ್ನ ಬಿಟ್ಟುಬಿಡೋಣ. ಹಬ್ಬ ಹತ್ತಿರ ಬಂತು, ಪಾಪ. ಬಿಡುಗಡೆ ಕಾಗದ ತನ್ನಿ, ಈಗಲೇ ಸಹಿ ಮಾಡ್ತೀನಿ."

ಇಂಥ ಉದಾರಿಯನ್ನು ನಾನು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಆದರೂ ಮನಸ್ಸು ಹಗುರವಾಯಿತು. ಓಡಿಹೋಗಿ ಕಾಗದ ತಂದೆ.

ಸಾಹೇಬರು ಪೆನ್ನು ತೆಗೆದರು. ಕನ್ನಡಕ ಮಸುಕಾಗಿತ್ತು. ಕನ್ನಡಕ ಒರೆಸುವುದರಲ್ಲಿ ಅವರಿಗೆ ಮಡಿ ಮೈಲಿಗೆ ಇಲ್ಲ. ಟೈಯಲ್ಲಿ ಒರೆಸುತ್ತಾರೆ, ಕಿಟಕಿಯ ಪರದೆಯಲ್ಲಿ ಒರೆಸುತ್ತಾರೆ, ಒಮ್ಮೆ ಬುಜೋರನ ಮೈ ಒರೆಸುವ ಬಟ್ಟೆಯಲ್ಲೂ ಒರೆಸಿದ್ದುಂಟು. ಈಗ ಕೋಟಿನ ಜೇಬಿಗೆ ಕೈ ಹಾಕಿ ಒಂದು ತುಂಡು ಬಟ್ಟೆ ಹೊರತೆಗೆದರು.

ನೀಲಿ ಬಟ್ಟೆ. ಬಿಳಿಯ ಹೂವು. ನಡುವೆ ಮುಚ್ಚಳದ ದುಂಡನೆಯ ಅಚ್ಚು.

ತ್ರೊಫಿಮ್ ಉಸಿರೆಳೆದುಕೊಂಡದ್ದು ಕೇಳಿಸಿತು. ಜಿನೋವಿಯಾಳ ಬೂಟು ಮೇಜಿನ ಕೆಳಗೆ ಅವನ ಕಾಲನ್ನು ಮೆಟ್ಟಿದ್ದನ್ನು ನಾನು ಕಂಡೆ. ಈಗ ಒಂದು ಮಾತಾಡಿದರೆ ಪೆನ್ನು ನಿಲ್ಲುತ್ತದೆ, ವ್ಯಾನು ನಿಲ್ಲುತ್ತದೆ, ಮೂವತ್ತು ಮನೆಯ ಹಬ್ಬ ಬೆಂಕಿಗೆ ಹೋಗುತ್ತದೆ. ಮಾತು ಆಡಿದರೆ ಹೋಯಿತು.

ಅವಳು ಆಡಲಿಲ್ಲ. ಕಾಗದವನ್ನು ಎರಡು ಬೆರಳಿನಿಂದ ಮುಂದಕ್ಕೆ ಸರಿಸಿದಳು. "ಇಲ್ಲಿ ಸಾರ್. ಇಲ್ಲಿ ಒಂದು. ಹಿಂದಿನ ಪುಟದಲ್ಲಿ ಇನ್ನೊಂದು."

ಸಾಹೇಬರು ಎರಡು ಕಡೆಯೂ ಸಹಿ ಹಾಕಿದರು. ಬಟ್ಟೆಯನ್ನು ಎಡಗೈಯಲ್ಲಿ ಹಾಗೇ ಮುದುರಿ ಹಿಡಿದಿದ್ದರು.

"ಹರಲಾಂಬಣ್ಣ, ಇವನನ್ನ ಕಳಿಸಿ ಬನ್ನಿ. ಬೇಗ," ಅಂದಳು ಜಿನೋವಿಯಾ, ಕಾಗದ ನನ್ನ ಕೈಗಿಡುತ್ತ. ನೋಟುಪುಸ್ತಕದ ಆ ಒಂದು ಹಾಳೆಯನ್ನು ತ್ರೊಫಿಮನ ಒಪ್ಪಿಗೆ ಕೇಳಿ ತಾನಿಟ್ಟುಕೊಂಡಳು.

ನಾವಿಬ್ಬರೂ ಓಡಿದೆವು. ವ್ಯಾನಿನ ಸೀಲು ಒಡೆದೆ, ಕೀಲಿ ಕೊಟ್ಟೆ. ತ್ರೊಫಿಮ್ ಕುಳಿತವನು ತಲೆ ಹೊರಹಾಕಿ, "ಲೆನುತ್ಸಾಗ ಏನ್ ಕೊಡ್ಲಿರೀ ನಾ? ಬರಿಗೈಲೆ ಹೆಂಗ್ ನಿಲ್ಲಲಿ ಆಕಿ ಮುಂದ?" ಅಂದ.

ಅವತ್ತು ಪವಿತ್ರ ಗುರುವಾರ, ಮೊಟ್ಟೆಗೆ ಬಣ್ಣ ಹಾಕುವ ದಿನ. ಬೆಳಿಗ್ಗೆ ನನ್ನ ಹೆಂಡತಿ ಠಾಣೆಯವರಿಗೆಂದು ಆರು ಕೆಂಪು ಮೊಟ್ಟೆ ಚೀಲದಲ್ಲಿ ಕಟ್ಟಿಕೊಟ್ಟಿದ್ದಳು. ಅದನ್ನು ಅವನ ಮಡಿಲಿಗೆ ಹಾಕಿದೆ. "ಇದನ್ನ ಕೊಡು. ಅವಳ ತಾಯಿಯ ಸೌತೆಕಾಯಿ ತಿಂದ ಒಬ್ಬ ಮುದುಕ ತಪ್ಪುಗಾಣಿಕೆ ಕಳಿಸಿದ ಅಂತ ಹೇಳು. ಇದಕ್ಕೆ ಸುಂಕ ಇಲ್ಲ, ಹೋಗು."

ಅವನಿಗೆ ಏನು ಅರ್ಥವಾಯಿತೋ. ಎರಡು ಸಲ ಹಾರ್ನು ಹೊಡೆದ. ಗೇಟು ಎದ್ದಿತು. ಬಿಳಿ ವ್ಯಾನು ಪಶ್ಚಿಮದ ರಸ್ತೆ ಹಿಡಿದು ಪಾಪ್ಲರ್ ಮರಗಳ ಸಾಲಿನಲ್ಲಿ ಸಣ್ಣದಾಗುತ್ತ ಹೋಯಿತು. ಅಲ್ಲಿ ನಿಂತು ನೋಡುತ್ತ ನಾನು ಮಗುವಿನಂತೆ ನಕ್ಕೆ. ನಾಳೆ ಸಂಜೆಗೆ ಪಾದುವಾ. ಶನಿವಾರ ರಾತ್ರಿಯ ಈಸ್ಟರ್ ಪ್ರಾರ್ಥನೆಗೆ ಒಯ್ಯುವ ಮೂವತ್ತು ಬುಟ್ಟಿಗಳು ತುಂಬಿರುತ್ತವೆ.

ನಾನು ಹಿಂದಿರುಗಿದಾಗ ಕೋಣೆಯಲ್ಲಿ ಯಾರೂ ಜಾಗ ಬಿಟ್ಟು ಕದಲಿರಲಿಲ್ಲ.

"ಹೋದನಾ?" ಜಿನೋವಿಯಾ ಕೇಳಿದಳು.

"ಗೇಟು ದಾಟಿದ."

ಅವಳು ಸಾಹೇಬರ ಕಡೆ ತಿರುಗಿದಳು. ಅವರ ಎಡಗೈಯತ್ತ ನೋಡುತ್ತ ಕೇಳಿದಳು.

"ಸೌತೆಕಾಯಿ ರುಚಿಯಾಗಿದ್ವಾ, ಸಾರ್?"

ವ್ರಾಬಿಯೆ ಸಾಹೇಬರು ಕೈಯಲ್ಲಿದ್ದ ಬಟ್ಟೆ ನೋಡಿದರು. ಅದನ್ನು ಬಚ್ಚಿಡಲಿಲ್ಲ. ನಿಧಾನವಾಗಿ ಬಿಡಿಸಿ, ಮಡಿಸಿ, ಮೇಜಿನ ಮೇಲಿಟ್ಟರು. ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿ ನಕ್ಕರು.

"ಬಹಳ ಚೆನ್ನಾಗಿದ್ವಮ್ಮ. ಹರಲಾಂಬಿಯೇ ತಂದು ಬಡಿಸಿದ್ದಲ್ಲವಾ! ಈ ಬಟ್ಟೆಯನ್ನೂ ಅವನೇ ಕೊಟ್ಟ, ಕನ್ನಡಕಕ್ಕೆ ಆಗುತ್ತೆ ಸಾರ್ ಅಂತ. ನಂಬಿಕೆ ಬರಲಿಲ್ವಾ? ಅವನ ನಾಯಿಗೆ ಎರಡು ದಿನದಿಂದ ಯಾವುದರಲ್ಲಿ ನೀರು ಇಡ್ತಿದಾನೆ ಅಂತ ಒಂದು ಸಲ ತಿರುಗಿ ನೋಡು."

ಜಿನೋವಿಯಾ ತಿರುಗಿದಳು. ದಿನುಲೆಸ್ಕುವೂ ತಿರುಗಿದ. ಮೂಲೆಯಲ್ಲಿ ಬುಜೋರನ ಪಕ್ಕದಲ್ಲಿ, ಮಂಗಳವಾರ ಊಟದ ಮೇಜಿನಿಂದ ನಾನು ಖಾಲಿಯಾಯಿತೆಂದು ಎತ್ತಿ ತಂದು ತೊಳೆದಿಟ್ಟುಕೊಂಡ ಮೂರು ಲೀಟರಿನ ಜಾಡಿ. ಅದರ ತಳದಲ್ಲಿ ಸಬ್ಬಸಿಗೆಯ ಒಂದು ಎಸಳು ಇನ್ನೂ ಅಂಟಿಕೊಂಡಿತ್ತು.

"ಹರಲಾಂಬಣ್ಣ," ಅಂದಳು ಜಿನೋವಿಯಾ. ಎರಡು ವರ್ಷದಲ್ಲಿ ಆ ದನಿಯಲ್ಲಿ ಅವಳು ನನ್ನನ್ನು ಕರೆದದ್ದಿಲ್ಲ. ಕಳ್ಳರನ್ನು ಕರೆಯುವ ದನಿ ಅದು. "ಈ ಜಾಡಿ ನಿಮ್ಮ ಹತ್ತಿರ ಹೇಗೆ ಬಂತು?"